ಮುಳುಗಿದ ಹಡಗು ನೋಡೋಕೆ ಟಿಕೆಟ್ ಎಷ್ಟು ಗುರೂ?

ಚಿಕ್ಕನಾಯಕನಹಳ್ಳಿ ಕಡೆಯ ಅಭಿಮಾನಿ ಮಿತ್ರರೊಬ್ಬರು ಕಾರ್ಡು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೆಳಗೆ ಎರಡು ಗೆರೆ ಎಳೆದು ತಾಕೀತು ಮಾಡಿದ್ದಾರೆ. ಹಾಕುವುದಿಲ್ಲ ಬಿಡಿ. ಕಾರ್ಡಿನಲ್ಲಿ ಇರೋದು ಇಷ್ಟು: ‘ಸಾರ್, ಟೈಟಾನಿಕ್ ಪಿಕ್ಚರ್ ಆರು ಸಲ ನೋಡಿದ್ದೀನಿ. ಹಡಗು ಮುಳುಗುತ್ತೆ ಅಂತ ಗೊತ್ತಿದ್ದೂ ಆರು ಸಲವೂ ಕರುಳು ಚುರುಕ್ ಅಂತು. ಅದು ಪಿಕ್ಚರು, ಸರಿ. ಆದ್ರೆ ನಿಜವಾದ ಹಡಗು ನೋಡೋಕೆ ಕೋಟಿಗಟ್ಲೆ ಸುರಿದು ಸಮುದ್ರದ ತಳಕ್ಕೆ ಹೋಗ್ತಾರಂತಲ್ಲ, ತುಕ್ಕು ಬಿಟ್ರೆ ಅಲ್ಲೇನಿದೆ ಸಾರ್? ದುಡ್ಡಿದ್ದೋರಿಗೆ ಹುಚ್ಚಾ?’

ಭಲೇ ಪ್ರಶ್ನೆ! ಯಾವ ನಟಿಯ ವಯಸ್ಸೆಷ್ಟು, ಯಾವ ನಟನ ಮದುವೆ ಯಾವಾಗ ಅಂತಲೇ ಕಾರ್ಡು ಬರುವ ಈ ವಿಳಾಸಕ್ಕೆ ಇಂಥದ್ದೊಂದು ಬಂದರೆ ಹಬ್ಬ. ಅದಕ್ಕೇ ಈ ವಾರ ಗಾಸಿಪ್ಪಿಗೆ ರಜೆ. ಕಾಫಿಗೆ ಹೇಳಿ, ಕೂತ್ಕೊಳ್ಳಿ.

ಮೊದಲು ಲೆಕ್ಕ ನೋಡೋಣ. 1912ರ ಏಪ್ರಿಲ್ 14ರ ರಾತ್ರಿ ಹಿಮಗಡ್ಡೆಗೆ ಬಡಿದು, 15ರ ಬೆಳಗಾಗುವ ಮುಂಚೆ ಮುಳುಗಿದ ಹಡಗು ಅದು. ಸುಮಾರು 2,200 ಜನರಿದ್ದರು, 1,500ರಷ್ಟು ಮಂದಿ ಸತ್ತರು. ಎಲ್ಲಿದೆ ಅಂತ ಪತ್ತೆಯಾಗಿದ್ದು 73 ವರ್ಷ ಕಳೆದ ಮೇಲೆ, 1985ರ ಸೆಪ್ಟೆಂಬರಿನಲ್ಲಿ. ಆಳ ಸುಮಾರು 3,800 ಮೀಟರ್. ಎಷ್ಟು ಅಂತೀರಾ? ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಎರಡು ಪೇರಿಸಿ ಆ ಜಾಗದಲ್ಲಿ ಇಳಿಸಿದರೆ, ಮೇಲಿನ ಬೆಟ್ಟದ ತುದಿ ನೀರಿನ ಮಟ್ಟಕ್ಕೆ ಬಂದೀತು, ಅಷ್ಟೆ. ಅಲ್ಲಿ ಒಂದು ಉಗುರಿನಗಲ ಜಾಗದ ಮೇಲೆ ಬೀಳುವ ನೀರಿನ ಭಾರ ಸುಮಾರು 380 ಕಿಲೋ. ಕತ್ತಲೆ. ಕೊರೆಯುವ ಚಳಿ.

ಅಲ್ಲಿಗೆ ಕರೆದುಕೊಂಡು ಹೋಗ್ತೀವಿ ಅಂತ ಅಮೆರಿಕದ ಓಷನ್‌ಗೇಟ್ ಕಂಪನಿ ಒಂದು ಸೀಟಿಗೆ ಎರಡೂವರೆ ಲಕ್ಷ ಡಾಲರ್ ಇಟ್ಟಿತ್ತು. 2023ರ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ. ನಮ್ಮ ಕಡೆಯ ಲೆಕ್ಕ ಬೇಕಾ? ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಅಂದ್ರೆ ಒಬ್ಬ ಮನುಷ್ಯ ಒಂದು ಸಲ ಟೈಟಾನಿಕ್ ನೋಡಿ ಬರೋಕೆ 1,700 ಕ್ವಿಂಟಾಲಿಗೂ ಹೆಚ್ಚು ಕೊಬ್ಬರಿಯನ್ನು ತಿಪಟೂರು ಮಾರ್ಕೆಟ್ಟಿನಲ್ಲಿ ಇಳಿಸಬೇಕು. ಎಷ್ಟು ಅಟ್ಟ ಖಾಲಿಯಾಗಬೇಕೋ ನೀವೇ ಎಣಿಸಿಕೊಳ್ಳಿ!

ಆ ವರ್ಷ ಜೂನ್ 18ರಂದು ಐದು ಜನ ‘ಟೈಟನ್’ ಎಂಬ ಪುಟ್ಟ ನೌಕೆಯಲ್ಲಿ ಇಳಿದರು. ಅವರಲ್ಲೊಬ್ಬ 19 ವರ್ಷದ ಹುಡುಗ, ಅಪ್ಪನ ಜೊತೆ ಹೊರಟಿದ್ದ. ಎರಡು ಗಂಟೆ ಆಗುವಷ್ಟರಲ್ಲಿ ಮೇಲಿನ ಹಡಗಿನ ಜೊತೆ ಸಂಪರ್ಕ ಕಡಿದು ಹೋಯಿತು. ನಾಲ್ಕು ದಿನ ಇಡೀ ಜಗತ್ತು ಟಿ.ವಿ. ಮುಂದೆ ಕೂತಿತ್ತು. ಕಡೆಗೆ ಟೈಟಾನಿಕ್ಕಿನ ಮೂತಿಯಿಂದ ಸುಮಾರು 500 ಮೀಟರ್ ದೂರದಲ್ಲಿ ಅದರ ಚೂರುಗಳು ಸಿಕ್ಕವು. ನೀರಿನ ಭಾರಕ್ಕೆ ನೌಕೆ ಒಳಮುಖವಾಗಿ ಅಪ್ಪಚ್ಚಿಯಾಗಿತ್ತು. ಮುಳುಗಿದ್ದನ್ನು ನೋಡೋಕೆ ಹೋದವರು ಅದರ ಪಕ್ಕದಲ್ಲೇ ಉಳಿದುಬಿಟ್ಟರು.

ಹುಚ್ಚಾ ಅಂತ ಕೇಳಿದಿರಿ. ಅಲ್ಲ ಮಿತ್ರರೇ. ಹುಚ್ಚು ಅಂದುಬಿಟ್ಟರೆ ನಾವೂ ಆ ಆಸ್ಪತ್ರೆಯಲ್ಲೇ ಸೇರಬೇಕಾಗುತ್ತೆ. ಯಾಕೆ ಅಂತ ಹೇಳ್ತೀನಿ.

* * *

ದೊಡ್ಡದು ಬಿದ್ದರೆ ಜನ ಸೇರ್ತಾರೆ. ಇದು ಮನುಷ್ಯನ ಹಳೇ ಚಾಳಿ. ಊರಿನ ದೊಡ್ಡ ಆಲದ ಮರ ಬಿದ್ದ ದಿನ ಯಾರು ಮನೆಯಲ್ಲಿ ಕೂತಿದ್ದರು ಹೇಳಿ? ನಿಂತಿದ್ದಾಗ ತಲೆ ಎತ್ತಿಯೂ ನೋಡದವರು ಬಿದ್ದ ಮೇಲೆ ಬೇರು ಮುಟ್ಟಿ ನೋಡ್ತಾರೆ. ಹಡಗೂ ಹಾಗೆಯೇ.

ಸ್ವೀಡನ್ ದೇಶದ ರಾಜ ‘ವಾಸಾ’ ಅಂತ ಒಂದು ಯುದ್ಧದ ಹಡಗು ಮಾಡಿಸಿದ. ಮೈತುಂಬಾ ಕೆತ್ತನೆ, ಚಿನ್ನದ ಬಣ್ಣ, ಎರಡು ಸಾಲು ಫಿರಂಗಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಭಾರಿ ಬಜೆಟ್ಟಿನ ಚಿತ್ರ! 1628ರ ಆಗಸ್ಟ್ 10ರಂದು ರಿಲೀಸು. ದಡದಲ್ಲಿ ಜಾತ್ರೆಯಂತೆ ಜನ. ಹಡಗು ಹೊರಟು ಒಂದೂಕಾಲು ಕಿಲೋಮೀಟರ್ ಆಸುಪಾಸು ಹೋಗಿರಬೇಕು, ಗಾಳಿಗೆ ಒಂದು ಕಡೆ ವಾಲಿತು, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿತು, ಎಲ್ಲರ ಕಣ್ಣೆದುರೇ ಮುಳುಗಿತು. ಮೇಲಿನ ಭಾರ ಹೆಚ್ಚು, ಕೆಳಗೆ ಸಮತೂಕ ಕಡಿಮೆ. ಮೊದಲ ದಿನ ಮೊದಲ ಆಟಕ್ಕೇ ಫ್ಲಾಪ್! 333 ವರ್ಷ ನೀರಿನಲ್ಲಿದ್ದ ಅದನ್ನು 1961ರಲ್ಲಿ ಎತ್ತಿ ತಂದು, ಸ್ಟಾಕ್‌ಹೋಮಿನಲ್ಲಿ ಅದಕ್ಕೊಂದು ಮ್ಯೂಸಿಯಂ ಕಟ್ಟಿದರು. ಲಕ್ಷಗಟ್ಟಲೆ ಜನ ಟಿಕೆಟ್ ತಗೊಂಡು ನೋಡ್ತಾರೆ. ಗೆದ್ದ ಹಡಗುಗಳೆಲ್ಲ ಗುಜರಿಗೆ ಹೋದವು. ಸೋತ ಹಡಗು ನಾನೂರು ವರ್ಷದ ಹತ್ತಿರ ಹತ್ತಿರ ಹೌಸ್‌ಫುಲ್ ಓಡ್ತಾ ಇದೆ.

ನಮ್ಮ ಪಕ್ಕದಲ್ಲೇ ನೋಡಿ. ಗೋವಾದ ಕಾಂಡೋಲಿಂ ಬೀಚಿನ ಹತ್ತಿರ 2000ದ ಜೂನ್‌ನಲ್ಲಿ ‘ರಿವರ್ ಪ್ರಿನ್ಸೆಸ್’ ಅಂತ ಒಂದು ಹಡಗು ಮರಳಿಗೆ ಸಿಕ್ಕಿಕೊಂಡಿತು. ತೆಗೆಯೋದು ಹೇಗೆ, ತೆಗೆಯೋರು ಯಾರು ಅಂತ ಜಗಳವಾಡುತ್ತಾ ಹನ್ನೊಂದು-ಹನ್ನೆರಡು ವರ್ಷ ಕಳೆಯಿತು. ಅಷ್ಟರಲ್ಲಿ ನಮ್ಮ ಕಡೆಯಿಂದ ಟೂರು ಹೋದ ಹುಡುಗರ ಆಲ್ಬಮ್ಮಿನಲ್ಲೆಲ್ಲ ಆ ತುಕ್ಕು ಹಿಡಿದ ರಾಜಕುಮಾರಿಯೇ ಹಿರೋಯಿನ್ನು! ಆಮೇಲೆ 2022ರ ಜೂನ್ 21ರಂದು ನಮ್ಮ ಉಳ್ಳಾಲದ ಹತ್ತಿರ ಇನ್ನೊಬ್ಬ ರಾಜಕುಮಾರಿ ಬಂದಳು, ‘ಪ್ರಿನ್ಸೆಸ್ ಮಿರಾಲ್’. ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಡಗು. ನೀರು ನುಗ್ಗಿ ದಡದ ಹತ್ತಿರ ಬಂದು ನೆಲ ಕಚ್ಚಿತು. ಸಿರಿಯಾ ದೇಶದ ಹದಿನೈದು ನಾವಿಕರನ್ನು ನಮ್ಮ ಕೋಸ್ಟ್ ಗಾರ್ಡಿನವರು ಜೀವ ಸಮೇತ ದಡ ಮುಟ್ಟಿಸಿದರು. ಸುರಿಯುವ ಮಳೆಯಲ್ಲೂ ಜನ ನೋಡೋಕೆ ಹೋದರು. ಬಂದರಿನಲ್ಲಿ ದಿನಕ್ಕೆಷ್ಟೋ ಹಡಗು ಸುಖವಾಗಿ ಬಂದು ಹೋಗ್ತವೆ, ಅದನ್ನು ನೋಡೋಕೆ ಯಾರಾದರೂ ಕೊಡೆ ಹಿಡಿದು ನಿಂತಿದ್ದಾರಾ?

ಹಡಗಿನಲ್ಲಿ ಸಾವಾಗದಿದ್ದರೆ ಈ ಕುತೂಹಲದಿಂದ ಯಾರಿಗೂ ನೋವಿಲ್ಲ. ಆಗಿದ್ದರೆ? 2012ರ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಬಂಡೆಗೆ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ವಿಲಾಸಿ ಹಡಗು ಬಡಿದು ಮಗ್ಗುಲಾಯಿತು. 32 ಜನ ಸತ್ತರು. ಒಳಗೆ ಇನ್ನೂ ಹೆಣ ಹುಡುಕುತ್ತಿದ್ದಾಗಲೇ ದಡದಲ್ಲಿ ಪ್ರವಾಸಿಗಳು ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಂಡರು. ಬೈಯೋದು ಸುಲಭ. ಆದರೆ ರಾಮೇಶ್ವರಕ್ಕೆ ಹೋದ ನಮ್ಮ ಯಾತ್ರೆಯ ಬಸ್ಸುಗಳು ಧನುಷ್ಕೋಟಿಗೆ ಹೋಗದೇ ಬರ್ತವಾ? 1964ರ ಡಿಸೆಂಬರ್ ಚಂಡಮಾರುತದಲ್ಲಿ ರೈಲು ಸಮೇತ ಸಮುದ್ರಕ್ಕೆ ಹೋದ ಊರು ಅದು. ಆ ರೈಲೊಂದರಲ್ಲೇ ನೂರಕ್ಕೂ ಹೆಚ್ಚು ಜೀವ. ಉಳಿದಿರುವ ಮೊಂಡು ಗೋಡೆಯ ಮುಂದೆ ಹಣೆಯ ಕುಂಕುಮ ಸರಿಮಾಡಿಕೊಂಡು ಅಜ್ಜಿ, ಅಮ್ಮ, ಮೊಮ್ಮಗ ನಿಂತು ‘ಸ್ಮೈಲ್’ ಅನ್ನೋದನ್ನ ನಾನೇ ನೋಡಿದ್ದೀನಿ. ಅವರು ಕೆಟ್ಟವರಲ್ಲ. ಆ ಜಾಗದಲ್ಲಿ ಏನಾಯಿತು ಅಂತ ಅವರಿಗೆ ಹೇಳೋರು ಯಾರೂ ಇರಲಿಲ್ಲ, ಅಷ್ಟೇ.

ಈ ‘ಹೇಳೋರು’ ಅನ್ನೋ ಮಾತು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ. ಕಾರ್ಡಿನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

* * *

1997ರ ಟೈಟಾನಿಕ್ ಚಿತ್ರವನ್ನೇ ತಗೊಳ್ಳಿ. ಹನ್ನೊಂದು ಆಸ್ಕರ್ ಬಾಚಿಕೊಂಡ ಚಿತ್ರ. ನಿರ್ದೇಶಕ ಜೇಮ್ಸ್ ಕ್ಯಾಮರಾನ್ 1995ರಲ್ಲಿ ರಷ್ಯಾದ ‘ಮೀರ್’ ನೌಕೆಗಳಲ್ಲಿ ಹನ್ನೆರಡು ಸಲ ಆ ಆಳಕ್ಕೆ ಇಳಿದು ನಿಜವಾದ ಹಡಗನ್ನೇ ಚಿತ್ರೀಕರಿಸಿದರು. ಮೊದಲ ರೀಲಿನಲ್ಲಿ ನೀವು ನೋಡುವ ತುಕ್ಕಿನಲ್ಲಿ ಅಸಲೀ ತುಕ್ಕೂ ಇದೆ! ನೀರಿನೊಳಗೆ ಕ್ಯಾಮರಾ ಇಳಿಸೋದು ಸಣ್ಣ ಕೆಲಸವಲ್ಲ. ನಮ್ಮ ಶಂಕರ್ ನಾಗ್ 1987ರಲ್ಲೇ ‘ಒಂದು ಮುತ್ತಿನ ಕಥೆ’ಯಲ್ಲಿ ಅಣ್ಣಾವ್ರನ್ನು ಸಮುದ್ರಕ್ಕೆ ಇಳಿಸಿದ್ದರು ಅನ್ನೋದನ್ನ ಅಭಿಮಾನಿಗಳಿಗೆ ನಾನು ನೆನಪಿಸಬೇಕಾಗಿಲ್ಲ.

ಈಗ ಟೈಟಾನಿಕ್ಕಿನ ಕತೆ ಶುರುವಾಗುವ ರೀತಿ ಜ್ಞಾಪಿಸಿಕೊಳ್ಳಿ. ಒಂದಷ್ಟು ಜನ ನಿಧಿಗಳ್ಳರು ಬಂದಿದ್ದಾರೆ. ಅವರಿಗೆ ಬೇಕಾಗಿರೋದು ನೀಲಿ ವಜ್ರ. ತಳದಿಂದ ತಿಜೋರಿ ಎತ್ತಿಸಿ ಒಡೆದರೆ ಒಳಗೆ ಕೆಸರು, ಒದ್ದೆ ಕಾಗದ, ಒಂದು ಚಿತ್ರ. ಅಷ್ಟೇ. ಆ ಹಡಗಿನ ಉದ್ದಗಲ, ಯಾವ ಬೋಲ್ಟು ಯಾವಾಗ ಕಿತ್ತಿತು, ಎಲ್ಲಾ ಅವರಿಗೆ ಗೊತ್ತು. ಕಂಪ್ಯೂಟರಿನಲ್ಲಿ ಮುಳುಗಿಸಿ ತೋರಿಸ್ತಾರೆ. ಆದರೆ ಏನೂ ಗೊತ್ತಿಲ್ಲ. ಆಮೇಲೆ ಒಬ್ಬಳು ಅಜ್ಜಿ ಬರ್ತಾಳೆ. ಗ್ಲೋರಿಯಾ ಸ್ಟುವರ್ಟ್ ಮಾಡಿದ ಪಾತ್ರ. ಆಕೆ ಕೂತು ಬಾಯಿ ಬಿಟ್ಟ ಮೇಲೆ ತುಕ್ಕು ಬಾಗಿಲಾಗುತ್ತೆ, ಕೆಸರು ನೃತ್ಯದ ಹಾಲ್ ಆಗುತ್ತೆ, ಹೆಣಗಳಿಗೆ ಹೆಸರು ಬರುತ್ತೆ. ಪಿಕ್ಚರ್ ಮುಗಿಯುವಾಗ ನಿಧಿಗಳ್ಳನ ಕಣ್ಣಲ್ಲೂ ನೀರು.

ಅದಕ್ಕೇ ಹೇಳ್ತೀನಿ, ಜನ ಮುಳುಗಿದ ಹಡಗಿಗೆ ಹೋಗೋದು ಕಬ್ಬಿಣ ನೋಡೋಕಲ್ಲ. ಕತೆ ಕೇಳಿ ಕೇಳಿ, ಇದೆಲ್ಲ ನಿಜವಾಗಿ ನಡೀತಾ ಅಂತ ಒಂದು ಅನುಮಾನ ಒಳಗೆ ಕೊರೀತಾ ಇರುತ್ತೆ. ಟೈಟಾನಿಕ್ಕಿನ ಸುತ್ತ ತಳದ ಮಣ್ಣಿನ ಮೇಲೆ ಜೋಡಿ ಜೋಡಿ ಚಪ್ಪಲಿ-ಬೂಟುಗಳು ಬಿದ್ದಿವೆ. ದೇಹ ಕರಗಿ ಹೋಗಿದೆ, ಹದ ಮಾಡಿದ ಚರ್ಮ ಉಳಿದಿದೆ. ಆ ಜೋಡಿ ನೋಡಿದವನಿಗೆ ಅನುಮಾನ ಮುಗೀತು. ಹೌದು, ಇಲ್ಲಿ ಒಬ್ಬ ಮನುಷ್ಯ ಇದ್ದ. ಮಂತ್ರಾಲಯಕ್ಕೆ ಹೋಗೋದೂ, ಮೆಚ್ಚಿನ ನಟನ ಸಮಾಧಿಗೆ ಹೋಗಿ ಕೈಮುಗಿಯೋದೂ ಒಂದರ್ಥದಲ್ಲಿ ಅದಕ್ಕೇ. ಕೇಳಿದ್ದನ್ನ ಕಣ್ಣಲ್ಲಿ ಒತ್ತಿ ನೋಡ್ಕೊಳ್ಳೋಕೆ.

ಆದರೆ ಕಣ್ಣಿಗೊಂದು ತೊಂದರೆ ಇದೆ. ಉಳಿದದ್ದು ಮಾತ್ರ ಅದಕ್ಕೆ ಕಾಣುತ್ತೆ. ಟೈಟಾನಿಕ್ಕಿನಲ್ಲಿ ಮೊದಲ ದರ್ಜೆಯವರಲ್ಲಿ ಹೆಚ್ಚಿನವರು ಬದುಕಿದರು, ಮೂರನೇ ದರ್ಜೆಯವರಲ್ಲಿ ಹೆಚ್ಚಿನವರು ಸತ್ತರು. ನಮ್ಮ ಥಿಯೇಟರಿನ ಭಾಷೆಯಲ್ಲಿ ಗಾಂಧಿ ಕ್ಲಾಸಿನವರು! ಆದರೆ ಜಗತ್ತು ಬಾಯಿಪಾಠ ಮಾಡಿಕೊಂಡಿದ್ದು ಬಾಲ್ಕನಿಯವರ ಹೆಸರುಗಳನ್ನೇ. ಗಾಂಧಿ ಕ್ಲಾಸಿನವರ ಬಗ್ಗೆ ಹೇಳೋಕೆ ಅಜ್ಜಿಯೇ ಬೇಕು. ಈಗ ಆ ಅಜ್ಜಿ ಇಲ್ಲ. ಹಡಗು ಮುಳುಗಿದಾಗ ಎರಡು ತಿಂಗಳ ಕೂಸಾಗಿದ್ದ ಮಿಲ್ವಿನಾ ಡೀನ್ ಬದುಕಿದ್ದವರಲ್ಲಿ ಕಟ್ಟಕಡೆಯವರು. ಅವರೂ ಮೂರನೇ ದರ್ಜೆಯ ಪ್ರಯಾಣಿಕರ ಮಗಳೇ. 97ನೇ ವಯಸ್ಸಿನಲ್ಲಿ, 2009ರ ಮೇ 31ರಂದು ತೀರಿಕೊಂಡರು. ಇನ್ನು ಎಷ್ಟು ಕೋಟಿ ಕೊಟ್ಟು ಇಳಿದರೂ ಅಲ್ಲಿ ಸಿಗೋದು ತುಕ್ಕೇ.

* * *

ಸರಿ, ನಮಗೂ ಸಮುದ್ರಕ್ಕೂ ಏನು ಸಂಬಂಧ, ತಿಪಟೂರಿನಲ್ಲಿ ಕೂತವರಿಗೆ ಅಲೆ ಅಂದ್ರೆ ತೆಂಗಿನ ಗರಿ ಅಲ್ಲಾಡೋದೇ ಅಂತೀರಾ? ತಡೀರಿ. ನಮಗೂ ಒಂದು ಮುಳುಗಿದ ಹಡಗಿದೆ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು. ನಿಮ್ಮಲ್ಲಿ ಅರ್ಧ ಜನ ಆಗಲೇ ಹೋಗಿ ಬಂದು ರೀಲ್ಸೂ ಹಾಕಿದ್ದೀರಿ.

ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಶೆಟ್ಟಿಹಳ್ಳಿ ಚರ್ಚು!

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಂಡೆಯಲ್ಲಿ ಕಟ್ಟಿಸಿದ್ದು ಅಂತ ಹೇಳ್ತಾರೆ. ಎತ್ತರದ ಚೂಪು ಕಮಾನುಗಳು, ಇಟ್ಟಿಗೆ-ಗಾರೆಯ ಗೋಡೆ. ಗೊರೂರಿನಲ್ಲಿ ಅಣೆಕಟ್ಟು ಎದ್ದು 1979ರ ಹೊತ್ತಿಗೆ ನೀರು ನಿಂತಾಗ ಹಿನ್ನೀರು ಹಳ್ಳಿಗಳ ಮೇಲೆ ಹಬ್ಬಿತು. ಜನರನ್ನು ಬೇರೆ ಕಡೆಗೆ ಸಾಗಿಸಿದರು. ಚರ್ಚನ್ನು ಸಾಗಿಸೋಕಾಗುತ್ತಾ? ಅಲ್ಲೇ ನಿಂತಿತು. ಮಳೆಗಾಲದಲ್ಲಿ ಕಿಟಕಿ ಮಟ್ಟಕ್ಕೆ ನೀರು ಬಂದು, ದೂರದಿಂದ ನೋಡಿದರೆ ಥೇಟ್ ಮುಳುಗ್ತಾ ಇರೋ ಹಡಗೇ. ಬೇಸಿಗೆಯಲ್ಲಿ ನೀರು ಸರಿದಾಗ ಕೆಸರು ಒಣಗಿದ ನೆಲದ ಮೇಲೆ ನಡೆದು ಒಳಗೇ ಹೋಗಬಹುದು. ಸೂರಿಲ್ಲ. ವರ್ಷ ವರ್ಷ ನೀರಲ್ಲಿ ನೆಂದು, ಬಿಸಿಲಲ್ಲಿ ಒಣಗಿ ಗೋಡೆ ಸವೀತಾ ಇದೆ.

ಈ ಗೊರೂರು ಯಾವ ಗೊರೂರು ಗೊತ್ತಲ್ಲ? 1974ರಲ್ಲಿ ಸಿದ್ದಲಿಂಗಯ್ಯನವರು ತೆಗೆದ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಕತೆ ಬರೆದ ರಾಮಸ್ವಾಮಿ ಅಯ್ಯಂಗಾರರ ಊರು. ಲೋಕೇಶ್ ಅಯ್ಯು, ವಿಷ್ಣು ಗುಳ್ಳ. ಆ ಚಿತ್ರ ನೋಡಿದವರಿಗೆ ಹೊಳೆದಂಡೆಯ ಹಳ್ಳಿ, ಅಲ್ಲಿನ ಜಮೀನು-ಜಿದ್ದು ಹೇಗಿರುತ್ತೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಅಂಥ ಹಳ್ಳಿಗಳೇ ಹಿನ್ನೀರಿನಡಿ ಹೋದದ್ದು. ಇದು ಬರೀ ಹೇಮಾವತಿಯ ಕತೆಯೂ ಅಲ್ಲ. ಬೃಂದಾವನದಲ್ಲಿ ಎಷ್ಟು ಡ್ಯುಯೆಟ್ ನೋಡಿಲ್ಲ ನಾವು! ಕಟ್ಟೆಯ ಈಚೆ ಹೀರೋ-ಹಿರೋಯಿನ್, ಬಣ್ಣದ ಕಾರಂಜಿ. ಕಟ್ಟೆಯ ಆಚೆ ನೀರಿನಡಿ ಹಳೇ ಕನ್ನಂಬಾಡಿ. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಬರಗಾಲದ ವರ್ಷಗಳಲ್ಲಿ ತಲೆ ಎತ್ತುತ್ತಿತ್ತು, ಜನ ಓಡಿ ಹೋಗಿ ನೋಡ್ತಿದ್ದರು. ಆಮೇಲೆ ಉದ್ಯಮಿ ಶ್ರೀಹರಿ ಖೋಡೆಯವರು ಅದರ ಕಲ್ಲುಗಳಿಗೆ ನಂಬರು ಹಾಕಿಸಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ದೇವರ ಕಲ್ಲಿಗೆ ನಂಬರು ಹಾಕಬಹುದು. ಮಣ್ಣಿನ ಗೋಡೆಯ ಮನೆಗೆ ಹಾಕೋಕಾಗಲ್ಲ, ಅದು ಮೊದಲ ಮಳೆಗಾಲಕ್ಕೇ ಕರಗಿ ಹೋಗಿರುತ್ತೆ.

ಈಗ ನಮ್ಮ ಪಾಲಿನ ಮಾತು. ಗೊರೂರಿನಲ್ಲಿ ನಿಂತ ಆ ನೀರು ಎಲ್ಲಿಗೆ ಹೋಗುತ್ತೆ? ಜಲಾಶಯ ತುಂಬಿದರೆ 2,922 ಅಡಿ ಮಟ್ಟ, 37 ಟಿಎಂಸಿ ನೀರು. ಎಡದಂಡೆ ನಾಲೆ ಹಿಡಿದು ಚನ್ನರಾಯಪಟ್ಟಣದ ಕಡೆ ಬಂದು, ಬಾಗೂರು-ನವಿಲೆ ಸುರಂಗದೊಳಗೆ ಮೈಲಿಗಟ್ಟಲೆ ಕತ್ತಲಲ್ಲಿ ಹರಿದು, ಈಚೆ ಬೆಳಕಿಗೆ ಬಂದು ತುಮಕೂರು ಜಿಲ್ಲೆಗೆ ಇಳಿಯುತ್ತೆ. ತುರುವೇಕೆರೆಯ ಮಲ್ಲಾಘಟ್ಟ ಕೆರೆ ಕೋಡಿ ಬಿದ್ದರೆ ಅದೇ ನೀರು. ತಿಪಟೂರಿನ ನಲ್ಲಿಗೆ ನೀರು ಕೊಡುವ ಈಚನೂರು ಕೆರೆಗೂ ಅದೇ ನೀರು. ಆ ನೀರು ನಮಗೂ ಬರಲಿ ಅಂತ ಚಿಕ್ಕನಾಯಕನಹಳ್ಳಿಯವರು ವರ್ಷಗಟ್ಟಲೆ ಕಾದಿದ್ದಾರೆ, ಬೀದಿಗೂ ಇಳಿದಿದ್ದಾರೆ. ನಮ್ಮ ಪಾಲು ಲಿಂಕ್ ಕೆನಾಲಿನಲ್ಲಿ ಬೇರೆ ಕಡೆ ಹೋಗುತ್ತೆ ಅಂತ 2025ರಲ್ಲಿ ಜಿಲ್ಲೆಯೇ ಎದ್ದು ನಿಂತಿತ್ತು. ಬರ ಬಂದು, ನುಸಿ ಬಂದು, ಬೋರ್‌ವೆಲ್ಲಿನ ತಳ ಪಾತಾಳ ಮುಟ್ಟಿದ ವರ್ಷಗಳಲ್ಲಿ ಸುಳಿ ಒಣಗುತ್ತಿದ್ದ ಎಷ್ಟೋ ತೋಟಗಳಿಗೆ ಕೆರೆ ತುಂಬಿಸಿ ಜೀವ ಕೊಟ್ಟದ್ದು ಆ ನೀರು.

ಅಂದ್ರೆ ಏನಾಯ್ತು? ಟೈಟಾನಿಕ್ಕನ್ನು ಮುಳುಗಿಸಿದ ಹಿಮಗಡ್ಡೆಗೂ ನಮಗೂ ನೆಂಟಸ್ತಿಕೆ ಇಲ್ಲ. ಶೆಟ್ಟಿಹಳ್ಳಿಯನ್ನು ಮುಳುಗಿಸಿದ ನೀರಿಗೆ ಇದೆ. ಅಲ್ಲಿ ನಾವು ಬರೀ ಪ್ರೇಕ್ಷಕರಲ್ಲ ಸ್ವಾಮಿ.

* * *

ಒಂದು ಮಾರ್ಚ್ ತಿಂಗಳಲ್ಲಿ ತಿಪಟೂರಿನ ಮೂವರು ಹುಡುಗರ ಜೊತೆ ಅಲ್ಲಿಗೆ ಹೋಗಿದ್ದೆ. ನನ್ನದು ತುರುವೇಕೆರೆ ಕಡೆ. ಚರ್ಚಿನ ಒಳಗೆ ಮದುವೆಗೆ ಮುಂಚಿನ ಫೋಟೋ ಶೂಟು ನಡೀತಿತ್ತು. ಹುಡುಗಿಯ ಕೆಂಪು ಗೌನು ಹಾರಿಸೋಕೆ ಒಬ್ಬ, ಬೆಳಕಿನ ತಟ್ಟೆ ಹಿಡಿಯೋಕೆ ಒಬ್ಬ, ‘ಇನ್ನೊಂದ್ ಸ್ವಲ್ಪ ಲವ್ ಬರ್ಲಿ ಬ್ರದರ್’ ಅನ್ನೋಕೆ ಒಬ್ಬ. ನಮ್ಮ ಹುಡುಗರೂ ಕಮಾನಿನ ಕೆಳಗೆ ತೋಳು ಚಾಚಿ ಜ್ಯಾಕ್-ರೋಸ್ ಮಾಡಿದರು. ಮೂವರೂ ಗಂಡುಗಳೇ, ರೋಸ್ ಆಗೋಕೆ ಜಗಳ ಬೇರೆ!

ಆಚೆ ಒಣ ಹುಲ್ಲಿನಲ್ಲಿ ಒಬ್ಬರು ಯಜಮಾನರು ಎರಡು ಹಸು ಮೇಯಿಸ್ತಾ ಕೂತಿದ್ದರು. ಬೀಡಿಗೆ ಬೆಂಕಿಪೊಟ್ಟಣ ಕೇಳಿದರು. ಮಾತು ಹಾಗೆ ಶುರುವಾಯ್ತು.

‘ಯಾವೂರಾಯ್ತಪ್ಪ ನಿಮ್ದು?’

‘ತುರುವೇಕೆರೆ ಕಡೆ ಯಜಮಾನ್ರೇ. ಈ ಹುಡುಗ್ರು ತಿಪಟೂರು.’

‘ಓಹೋ, ನಾಲೆ ಕಡೇರು’ ಅಂದರು. ಒಂದು ದಮ್ಮು ಎಳೆದು, ‘ನೀರು ಬತ್ತಾ ಐತಾ?’

‘ಮಳೆ ಚೆನ್ನಾಗಾದ ವರ್ಷ ಬರುತ್ತೆ.’

‘ತೆಂಗು?’

‘ಉಳ್ಕೊಂಡಿದೆ ಯಜಮಾನ್ರೇ.’

‘ಉಳ್ಕಳ್ಳಿ ಬುಡಿ. ಅಷ್ಟಾದ್ರೂ ಆಗ್ಲಿ.’ ದನಿಯಲ್ಲಿ ಸಿಟ್ಟಿಲ್ಲ, ಚುಚ್ಚೂ ಇಲ್ಲ. ಬೀಗರ ಮನೆಗೆ ಕೊಟ್ಟ ಹಸು ಹಾಲು ಕೊಡ್ತಾ ಇದೆಯಾ ಅಂತ ವಿಚಾರಿಸ್ತಾರಲ್ಲ, ಹಾಗಿತ್ತು.

ಒಬ್ಬ ಹುಡುಗ ‘ನಿಮ್ಮನೆ ಎಲ್ಲಿತ್ತು ತಾತ?’ ಅಂದ. ಅವರು ಕೋಲು ಎತ್ತಿ ಚರ್ಚಿನ ಕಡೆಗಲ್ಲ, ಅದರಾಚೆ ನೀರಿನ ಕಡೆ ತೋರಿಸಿದರು. ‘ಅಗಾ, ಆ ಹಕ್ಕಿ ಕೂತೈತಲ್ಲ, ಅದ್ರಿಂದ ಆ ಕಡಿಕೆ. ಮುಂದ್ಗಡೆ ಹುಣಸೆ ಮರ. ಕಣ ಅಲ್ಲೇ. ನಮ್ಮಪ್ಪನ್ನ ಮಣ್ಣು ಮಾಡಿದ್ದೂ ಅಲ್ಲೇ.’

ಹುಡುಗ ಫೋನು ಆ ಕಡೆಗೆ ತಿರುಗಿಸಿದ. ಪರದೆಯಲ್ಲಿ ಬರೀ ನೀರು. ಸ್ವಲ್ಪ ಹೊತ್ತು ಹಿಡಿದೇ ಇದ್ದ. ಕ್ಲಿಕ್ ಮಾಡಲಿಲ್ಲ. ಫೋನು ಜೇಬಿಗಿಟ್ಟು ಪಕ್ಕದಲ್ಲಿ ಕೂತ. ಆಮೇಲೆ ಒಂದು ಗಂಟೆ ಹೊತ್ತು ಆ ಯಜಮಾನರು ಮಾತಾಡಿದರು. ಯಾವ ಮನೆ ಆದ ಮೇಲೆ ಯಾವ ಮನೆ, ಹೊಳೆ ದಾಟೋಕೆ ಹರಿಗೋಲು ಎಲ್ಲಿ ನಿಲ್ಲುತ್ತಿತ್ತು, ಕ್ರಿಸ್‌ಮಸ್ಸಿಗೆ ಯಾವ ಜಾತಿಯವರು ಯಾರ ಮನೆಯಲ್ಲಿ ಉಣ್ಣುತ್ತಿದ್ದರು, ಗಾಡಿಗೆ ಸಾಮಾನು ಹೇರಿಕೊಂಡು ಹೊರಟ ದಿನ ನಾಯಿ ಬರಲೊಲ್ಲೆ ಅಂತ ಹೇಗೆ ಕೂತಿತ್ತು... ಅವರು ಹೇಳ್ತಾ ಹೋದ ಹಾಗೆ ಆ ಖಾಲಿ ನೀರಿನ ಮೇಲೆ ಬೀದಿ ಬಂತು, ಮನೆ ಬಂತು, ಮರ ಬಂತು. ಕ್ಯಾಮರಾನ್ ಸಾಹೇಬರು ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ್ದು ಇದನ್ನೇ ಅಲ್ಲವಾ? ಇಲ್ಲಿ ಖರ್ಚಾಗಿದ್ದು ಒಂದು ಬೆಂಕಿಪೊಟ್ಟಣ.

ಚರ್ಚು ಎತ್ತರವಾಗಿತ್ತು, ಗಟ್ಟಿಯಾಗಿತ್ತು, ಅದಕ್ಕೇ ಉಳೀತು. ಉಳಿದದ್ದರಿಂದ ಫೇಮಸ್ಸಾಯಿತು. ಮಣ್ಣಿನ ಗೋಡೆ, ಹುಣಸೆ ಮರ, ಕಣ, ಇವು ನಮ್ಮ ಗಾಂಧಿ ಕ್ಲಾಸು. ಅವುಗಳ ಫೋಟೋ ಯಾವ ಕ್ಯಾಮರಾದಲ್ಲೂ ಸಿಗಲ್ಲ, ಹೇಳೋರ ಬಾಯಲ್ಲಿ ಮಾತ್ರ ಇವೆ. 1979ರಲ್ಲಿ ಇಪ್ಪತ್ತರ ಪ್ರಾಯದವರಾಗಿದ್ದವರಿಗೆ ಈಗ ಅರವತ್ತೈದು ದಾಟಿದೆ. ಟೈಟಾನಿಕ್ಕಿನ ಅಜ್ಜಿ 2009ರಲ್ಲಿ ಹೋದರು. ನಮ್ಮ ಅಜ್ಜ-ಅಜ್ಜಿಯರು ಇನ್ನೂ ಇದ್ದಾರೆ. ಎಷ್ಟು ದಿನ ಅಂತ ನಾನು ಬರೆಯಬೇಕಾ?

* * *

ಅದಕ್ಕೇ ಕಾರ್ಡಿನ ಮಿತ್ರರಿಗೂ, ನಿಮಗೂ ನನ್ನದೊಂದು ಕೋರಿಕೆ. ಹೋಗಿ. ಧಾರಾಳವಾಗಿ ಹೋಗಿ. ತಿಪಟೂರಿನವರು ಅರಸೀಕೆರೆ ಮೇಲೆ ಬಸ್ಸೋ ರೈಲೋ ಹಿಡಿದು ಹಾಸನಕ್ಕೆ ಬನ್ನಿ, ತುರುವೇಕೆರೆಯವರು ಚನ್ನರಾಯಪಟ್ಟಣದ ಮೇಲೆ ಬನ್ನಿ. ಮುಳುಗಿರೋದು ನೋಡಬೇಕಾದರೆ ಮಳೆಗಾಲ ಮುಗಿಯುವ ಹೊತ್ತು, ಒಳಗೆ ನಡೆದು ನೋಡಬೇಕಾದರೆ ಬೇಸಿಗೆ. ಫೋಟೋ ತೆಗೀರಿ, ಬೇಡ ಅನ್ನಲ್ಲ. ನಾನೂ ಸಿನಿಮಾದವನೇ, ಬೆಳಕು ಚೆನ್ನಾಗಿದ್ದರೆ ಕೈ ಸುಮ್ಮನಿರಲ್ಲ. ಆದರೆ ಗೋಡೆ ಹತ್ತಬೇಡಿ, ನೆಂದ ಇಟ್ಟಿಗೆ ಹೀರೋಯಿಸಂ ತಡೆಯಲ್ಲ. ಹಿನ್ನೀರಿಗೆ ಇಳಿಯಬೇಡಿ, ಕೆಳಗೆ ಹೂಳು ಎಷ್ಟಿದೆಯೋ ಕಣ್ಣಿಗೆ ಕಾಣಲ್ಲ. ಗೋಡೆಯ ಮೇಲೆ ಹಾರ್ಟು ಕೆತ್ತಿ ಹೆಸರು ಬರೆಯೋ ಮಹಾನುಭಾವರಿಗೆ ಮಾತ್ರ ನನ್ನ ಧಿಕ್ಕಾರ. ಅದು ಒಂದು ಊರಿನವರ ಮದುವೆ, ನಾಮಕರಣ, ಸಾವಿನ ಪ್ರಾರ್ಥನೆ ನಡೆದ ಜಾಗ.

ಫೋಟೋ ಆದ ಮೇಲೆ ಅಲ್ಲಿ ಯಾರಾದರೂ ಹಿರಿಯರು ಸಿಕ್ಕರೆ ಕೂತ್ಕೊಳ್ಳಿ. ಒಂದೇ ಪ್ರಶ್ನೆ ಕೇಳಿ: ‘ನಿಮ್ಮನೆ ಎಲ್ಲಿತ್ತು?’ ಅವರು ನಿಮ್ಮ ಊರು ಕೇಳ್ತಾರೆ. ತಿಪಟೂರು, ತುರುವೇಕೆರೆ ಅಂತ ಬಾಯಿತುಂಬಾ ಹೇಳಿ. ನೀರು ಬಂತಾ ಅಂದರೆ ಬಂದಿದ್ದನ್ನ ಬಂತು ಅನ್ನಿ, ಬರದಿದ್ದರೆ ಇಲ್ಲ ಅನ್ನಿ. ಸಾಧ್ಯವಾದರೆ ತೋಟದ್ದು ಎರಡು ತೆಂಗಿನಕಾಯಿ ಚೀಲದಲ್ಲಿಟ್ಟುಕೊಂಡು ಹೋಗಿ ಕೊಡಿ. ಅವರ ನೀರು ಕುಡಿದ ಕಾಯಿ, ಅವರೂ ಒಂದು ಸಲ ತಿನ್ನಲಿ. ಅವರು ಹೇಳಿದ ಊರಿನ ಹೆಸರು, ಮನೆಯ ಸಾಲು, ಮರದ ಗುರುತು, ಎಲ್ಲ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ನಿಮ್ಮಲ್ಲಿ ಎಷ್ಟು ಜನ ನಾಳೆ ಡೈರೆಕ್ಟರ್ ಆಗೋ ಕನಸು ಕಟ್ಟಿದ್ದೀರಿ ಅಂತ ವಾರವಾರ ಬರೋ ಕಾರ್ಡುಗಳಿಂದ ನನಗೆ ಗೊತ್ತು. ಕತೆ ಇಲ್ಲ ಸಾರ್ ಅಂತ ಅಳಬೇಡಿ. ಕತೆ ಹಸು ಮೇಯಿಸ್ತಾ ಕೂತಿದೆ.

ಅಂದಹಾಗೆ, ಟಿಕೆಟ್ ಎಷ್ಟು ಅಂತ ಹೇಳೋದೇ ಮರೆತಿದ್ದೆ. ಚರ್ಚಿಗೆ ಟಿಕೆಟ್ ಇಲ್ಲ. ಬಸ್ ಚಾರ್ಜು, ದಾರಿಯಲ್ಲಿ ಎರಡು ಇಡ್ಲಿ, ಒಂದು ಬೆಂಕಿಪೊಟ್ಟಣ.

ಮುಂದಿನ ವಾರ ಮತ್ತೆ ಗಾಸಿಪ್ಪಿನ ಜೊತೆ ಸಿಗೋಣ.